ಎರಡು ರಾಮಪುರಗಳ ನಡುವೆ ಸುನಂದಮ್ಮನ ಅಡುಗೆ ವ್ಯಾನು

ನನ್ನ ವಾರಗಿತ್ತಿ ಸುನಂದಮ್ಮ ಹಂಪಾಪುರದಿಂದ ಹಂಪಾಪುರಕ್ಕೆ ಮದುವೆಯಾಗಿ ಬಂದವಳು. ಹೊರಗಿನವರು ಇದನ್ನು ಕೇಳಿ ನಗುತ್ತಾರೆ. ನಮ್ಮ ಕಡೆ ಹಂಪಾಪುರ ಎರಡಿವೆ. ಅವಳು ಹುಟ್ಟಿದ್ದು ಎಚ್.ಡಿ. ಕೋಟೆ ತಾಲ್ಲೂಕಿನದರಲ್ಲಿ, ನಾವಿರುವುದು ಕೆ.ಆರ್. ನಗರ ತಾಲ್ಲೂಕಿನದರಲ್ಲಿ. ಅದು ಕೋಟೆ ಹಂಪಾಪುರ, ಇದು ನಗರದ ಹಂಪಾಪುರ. ಅವಳ ಮದುವೆ ನಮ್ಮ ಮನೆಯ ಮುಂದೆ ಚಪ್ಪರ ಹಾಕಿ ನಡೆಯಿತು. ಹುಣಸೂರಿನಿಂದ ಬರಬೇಕಿದ್ದ ಓಲಗದವರು ಹೆಣ್ಣಿನ ಊರಿನಲ್ಲೇ ಮದುವೆ ಎಂದುಕೊಂಡು ಕೋಟೆ ಹಂಪಾಪುರಕ್ಕೆ ಹೋಗಿ ಇಳಿದರು. ಇಲ್ಲಿ ಮುಹೂರ್ತ ಮೀರುತ್ತಿತ್ತು. ನಮ್ಮತ್ತೆ ಹಿತ್ತಾಳೆ ಹರಿವಾಣ ತಂದು, ಸೌಟಿನಲ್ಲಿ ಬಡಿದು, ಅದನ್ನೇ ಗಟ್ಟಿಮೇಳ ಮಾಡಿ ತಾಳಿ ಕಟ್ಟಿಸಿದರು. ಓಲಗದವರು ಮಾರನೇ ದಿನ ಬಂದು ಬೀಗರೂಟದಲ್ಲಿ ಊದಿ, ಉಂಡು ಹೋದರು.

ಸುನಂದ ನನಗಿಂತ ಚಿಕ್ಕವಳು, ನನ್ನ ಮೈದುನ ಶಿವಣ್ಣನ ಹೆಂಡತಿ. ನನ್ನನ್ನು ಅಕ್ಕ ಎನ್ನುತ್ತಾಳೆ. ಮನೆಗಳು ಬೇರೆಯಾದರೂ ಗೋಡೆ ಒಂದೇ. ನನ್ನ ಯಜಮಾನರು ತೀರಿಕೊಂಡ ಮೇಲೆ ನನ್ನ ಒಲೆ ಹೊತ್ತಿಸುವ ಅಗತ್ಯವೇ ಬೀಳಲಿಲ್ಲ, ಅವಳ ಒಲೆಯ ಅನ್ನ ನನ್ನ ತಟ್ಟೆಗೆ ಬರುತ್ತಿತ್ತು.

ಬಹಳ ವರ್ಷ ಅವಳು ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ಹೋದರೆ ಮಧ್ಯಾಹ್ನ ಮಕ್ಕಳು ತಟ್ಟೆ ತೊಳೆದ ಮೇಲೇ ಮನೆಗೆ. ದೊಡ್ಡ ಪಾತ್ರೆಯಲ್ಲಿ ಹುಳಿ ಕುದಿಯುವಾಗ ಅವಳ ಮುಖ ನೋಡಬೇಕು, ಕೂಸಿಗೆ ನೀರು ಹಾಕುವ ತಾಯಿಯ ಹಾಗೆ ಇರುತ್ತಿತ್ತು. ಅರವತ್ತು ತುಂಬಿತು, ಶಾಲೆಯವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಅಲ್ಲಿಂದ ಶುರುವಾಯಿತು ಪಾಡು. ಗಂಡ ಹೆಂಡತಿ ಇಬ್ಬರಿಗೆ ಸಾರು ಮಾಡಲು ಅವಳಿಗೆ ಕೈ ಕೂಡುತ್ತಲೇ ಇರಲಿಲ್ಲ. ಎಷ್ಟು ಹಿಡಿದು ಹಾಕಿದರೂ ಬೀದಿಗಾಗುವಷ್ಟು ಆಗುತ್ತಿತ್ತು. ನನಗೊಂದು ಪಾತ್ರೆ, ಎದುರು ಮನೆಗೊಂದು ಪಾತ್ರೆ, ಹಾಲಿನ ಡೈರಿಯವನಿಗೊಂದು ಪಾತ್ರೆ.

"ಎಲ್ಲಾ ಮನೇಲೂ ನಿನ್ನ ಸಾರೇ ಆದ್ರೆ ಊರ ಹೆಂಗಸರು ಏನ್ ಮಾಡ್ಬೇಕು?" ಎಂದು ಶಿವಣ್ಣ ರೇಗಿಸುತ್ತಿದ್ದ.

"ಕೂತ್ಕೊಂಡು ಟೀವಿ ನೋಡ್ಲಿ. ನನ್ಗೆ ಚಿಕ್ಕ ಪಾತ್ರೆ ಒಗ್ಗಕ್ಕಿಲ್ಲ ಕಣ್ರೀ, ಉಸ್ರು ಕಟ್ತದೆ."

ಅವಳಿಗೆ ಬೇಕಾಗಿದ್ದದ್ದು ಅದೊಂದೇ, ದೊಡ್ಡ ಪಾತ್ರೆ ಮತ್ತು ಸಾಲಾಗಿ ಉಣ್ಣಲು ಕೂತ ಜನ.

ಹುಣಸೂರಿನಲ್ಲಿ ರೇಣುಕಾಪ್ರಸಾದ್ ಎಂಬುವರು ಯಾತ್ರೆ ಕರೆದುಕೊಂಡು ಹೋಗುತ್ತಾರೆ. ಕಾಶಿ, ಗಯಾ, ಶ್ರೀಶೈಲ, ಎಲ್ಲ ಕಡೆಗೂ. ಪಿರಿಯಾಪಟ್ಟಣ, ಕೋಟೆ, ನಗರ, ಎಲ್ಲ ತಾಲ್ಲೂಕಿನ ವಯಸ್ಸಾದವರೂ ಅವರನ್ನು ನಂಬುತ್ತಾರೆ. ಕಾರಣ ಊಟ. ಅವರು ಅಡುಗೆಯವರನ್ನೂ, ಅಕ್ಕಿ ಬೇಳೆ ರಾಗಿ ಹಿಟ್ಟನ್ನೂ ಊರಿನಿಂದಲೇ ಹೊತ್ತುಕೊಂಡು ಹೋಗುತ್ತಾರೆ. ಎಷ್ಟು ದೂರ ಹೋದರೂ ತಟ್ಟೆಗೆ ಬೀಳುವುದು ನಮ್ಮ ಹುಳಿಯೇ. ಅವರ ಅಡುಗೆಯ ಮೂರ್ತಿ ಬಿಳಿಕೆರೆಯಲ್ಲಿ ರಸ್ತೆ ಪಕ್ಕ ಸ್ವಂತ ಹೋಟೆಲು ತೆರೆದು ಬಿಟ್ಟುಹೋದ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಸುನಂದ ನನ್ನನ್ನು ಜೊತೆಗೆ ಎಳೆದುಕೊಂಡು ಹುಣಸೂರಿನ ಬಸ್ಸು ಹತ್ತಿದಳು.

ಪ್ರಸಾದರು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಅಮ್ಮಾ, ಇದು ಗಂಡಾಳಿನ ಕೆಲಸ. ಕುದಿಯೋ ಹಂಡೆ ಇಳಿಸ್ಬೇಕು."

"ಇಳಿಸಕ್ಕೆ ನಿಮ್ಮ ಆಳು ರಂಗ ಅವ್ನಲ್ಲ. ಸಾರಿಗೆ ಉಪ್ಪಾಕಕ್ಕೆ ಗಂಡಾಳು ಬೇಕಾ ಸ್ವಾಮಿ? ಶಾಲೆ ತುಂಬ ಮಕ್ಕಳಿಗೆ ಮಾಡಾಕಿದೀನಿ."

"ಮಕ್ಕಳು ಹಾಕಿದ್ದು ತಿಂತವೆ. ನಮ್ಮ ಯಾತ್ರೆ ಜನ ಊಟಕ್ಕೆ ಕೂತ್ರೆ ಜಡ್ಜುಗಳು ಕಣಮ್ಮ."

ಅವರು ಸ್ವಲ್ಪ ಹೊತ್ತು ಪೆನ್ನು ಕುಟ್ಟಿದರು. ನೇಪಾಳದ ಯಾತ್ರೆ ಹತ್ತಿರ ಬಂದಿತ್ತು, ಬೇರೆ ಯಾರೂ ಸಿಕ್ಕಿರಲಿಲ್ಲ. ಕೊನೆಗೆ ಒಂದು ಮಾತು ಹೇಳಿದರು. "ಸರಿ, ಇದೊಂದು ಸಲ ಬನ್ನಿ. ಒಂದೇ ಒಂದು ಹೊತ್ತು ಊಟ ತಪ್ಪಿದ್ರೂ ಮುಂದಿನ ಸಲದಿಂದ ಮೈಸೂರಿನ ಭಟ್ಟರನ್ನ ಕರಕೊಂಡು ಹೋಗ್ತೀನಿ. ತಪ್ಪದೆ ಇದ್ರೆ ಎಲ್ಲಾ ಯಾತ್ರೆಗೂ ನೀವೇ."

ಹೀಗೆ ನಾವು ಹೊರದೇಶಕ್ಕೆ ಹೊರಟೆವು. ನನ್ನನ್ನು ತರಕಾರಿ ಹೆಚ್ಚಲು ಸೇರಿಸಿಕೊಂಡಳು. ಪಾತ್ರೆ ಎತ್ತಿ ಇಳಿಸಲು ರಂಗ, ಕೋಟೆಯ ಕಾಡಂಚಿನ ಹಾಡಿಯವನು, ಮೂರ್ತಿಯ ಕಾಲದಿಂದ ಯಾತ್ರೆಯಲ್ಲಿ ಇದ್ದವನು, ಗಡ್ಡ ನರೆತಿದ್ದರೂ ತೋಳು ಗಟ್ಟಿ. ನೇಪಾಳಕ್ಕೆ ವಿಮಾನವೂ ಇಲ್ಲ, ಪಾಸ್‌ಪೋರ್ಟೂ ಇಲ್ಲ, ವೋಟಿನ ಕಾರ್ಡು ಸಾಕು. "ಇದೆಂಥ ಫಾರಿನ್ನು ಕಣತ್ಗೆ, ಟ್ರೇನಲ್ಲಿ ಓಗೋ ಫಾರಿನ್ನು!" ಎಂದು ಶಿವಣ್ಣ ನಕ್ಕ. ಗೋರಖಪುರದವರೆಗೆ ರೈಲು, ಅಲ್ಲಿಂದ ಗಡಿಯವರೆಗೆ ಬಸ್ಸು, ಗಡಿ ದಾಟಿದ ಮೇಲೆ ಆ ದೇಶದ ಬಸ್ಸೊಂದು, ಸಾಮಾನಿಗೆ ವ್ಯಾನೊಂದು.

ವ್ಯಾನಿನ ಡ್ರೈವರ್ ಹೆಸರು ಲೋಕಬಹದ್ದೂರ. ದುಂಡು ಮುಖ, ಕಡಿಮೆ ಮಾತು. ಯಾತ್ರೆಯ ಕ್ರಮ ಹೀಗೆ: ಅಡುಗೆಯ ವ್ಯಾನು ಬೆಳಗಾಗುವ ಮುಂಚೆ ಹೊರಡಬೇಕು. ಯಾತ್ರಿಕರು ಎದ್ದು, ಸ್ನಾನ ಪೂಜೆ ಮುಗಿಸಿ, ದೇವಸ್ಥಾನ ನೋಡಿ ಬಸ್ಸಿನಲ್ಲಿ ಬರುವಷ್ಟರಲ್ಲಿ ಮುಂದಿನ ಊರಿನಲ್ಲಿ ಎಲೆ ಹಾಕಿರಬೇಕು.

ಯಾತ್ರಿಕರಲ್ಲಿ ಅರ್ಧ ಜನ ಪಿರಿಯಾಪಟ್ಟಣದವರು. ಅವರನ್ನು ಕೂಡಿಸಿಕೊಂಡು ಬಂದವರು ಬಟ್ಟೆ ಅಂಗಡಿಯ ಗುರುಮಲ್ಲಪ್ಪನವರು. ಲಿಂಗಪೂಜೆ ಮಾಡದೆ ನೀರು ಕುಡಿಯುವುದಿಲ್ಲ, ಹೋಟೆಲಿನ ಅನ್ನ ಮುಟ್ಟುವುದಿಲ್ಲ. ಅವರು ಬೇಡ ಎಂದರೆ ಆ ಅರ್ಧ ಬಸ್ಸು ಮತ್ತೆ ಪ್ರಸಾದರ ಯಾತ್ರೆಗೆ ಬರುವುದಿಲ್ಲ. ಮೊದಲ ದಿನ ಲುಂಬಿನಿಯಲ್ಲಿ ಸುನಂದಳ ಅವರೆಕಾಳಿನ ಹುಳಿ ಉಂಡು ಅವರು ಎರಡನೇ ಸಲ ಹಾಕಿಸಿಕೊಂಡರು. ಪ್ರಸಾದರು ಅದನ್ನು ನೋಡಿ ನೆಮ್ಮದಿಯಾಗಿ ಬೀಡ ಹಾಕಿಕೊಂಡರು.

ಬುಟ್ವಲ್ ಎಂಬ ಊರಿನಲ್ಲಿ ತಂಗಿದ್ದ ದಿನ ಸಂಜೆ ಪ್ರಸಾದರು ಲೋಕಬಹದ್ದೂರನಿಗೆ ಹಿಂದಿಯಲ್ಲಿ ಹೇಳಿದರು: ನಾಳೆ ಅಡುಗೆ ರಾಮಪುರದಲ್ಲಿ, ದೇವಸ್ಥಾನದ ಅಂಗಳದಲ್ಲಿ. ಅವನು ತಲೆ ಆಡಿಸಿದ. ನಮಗೆ ಕನ್ನಡದಲ್ಲಿ, "ಬಯಲು ದಾರಿ, ಪಕ್ಕದಲ್ಲಿ ಕಾಡು. ನಮ್ಮ ಹುಣಸೂರು ಕಡೆ ಹೋದಂಗೇ ಇರ್ತದೆ ನೋಡ್ತಿರಿ" ಎಂದರು.

ಬೆಳಗಿನ ಜಾವ ಪಾತ್ರೆಗಳನ್ನೆಲ್ಲ ವ್ಯಾನಿಗೆ ಹಾಕಿ ಆಯಿತು. ಸುನಂದ ವ್ಯಾನಿನ ಮುಂದೆ ನಿಂತು ಕುಂಕುಮ ಇಟ್ಟು ಕೈ ಮುಗಿದಳು. ಡ್ರೈವರ್ ಕೀ ತಿರುಗಿಸಿದ. ಆಗ ರಂಗ ಹಿಂದಿನಿಂದ ಕತ್ತು ಚಾಚಿ, ತನಗೆ ಬರುವ ಹಿಂದಿಯಲ್ಲಿ, "ಭೈಯಾ, ಕಹಾ..." ಎಂದು ಬಾಯಿ ತೆಗೆದನೋ ಇಲ್ಲವೋ, ಸುನಂದ ತಿರುಗಿ ಅವನ ಬಾಯಿಗೆ ಕೈ ಅಡ್ಡ ಇಟ್ಟಳು.

"ತೂ, ಸುಮ್ಕಿರ್ಲಾ! ಒಂಟಿರೋ ಗಾಡಿನ ಎಲ್ಲಿಗೆ ಅಂತ ಕೇಳ್ತಾರಾ?"

"ಅಲ್ಲ ಕಣಕ್ಕೋ, ಯಾವ ದಾರಿ ಅಂತ..."

"ಬಾಯಿಗೆ ಬೀಗ ಆಕು. ದೂರ ಒಂಟಿದೀವಿ, ಅಷ್ಟೇ."

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಕಾಲು ಹೊಸ್ತಿಲು ದಾಟುವ ಹೊತ್ತಿನಲ್ಲಿ ಎಲ್ಲಿಗೆ ಎಂದು ಕೇಳಿಸಿಕೊಂಡರೆ ನಮ್ಮ ಅತ್ತೆ ಒಳಗೆ ಬಂದು ಕೂತು, ನೀರು ಕುಡಿದು, ಮತ್ತೆ ಹೊರಡುತ್ತಿದ್ದರು. ನಾನೂ ಹಾಗೆಯೇ ಬೆಳೆದವಳು. ರಂಗನೂ ಹಾಗೆಯೇ, ಸುಮ್ಮನಾದ. ಲೋಕಬಹದ್ದೂರ ನಮ್ಮ ಗಲಾಟೆಗೆ ನಕ್ಕು ಗಾಡಿ ಬಿಟ್ಟ.

ಬೆಳಕು ಹರಿದ ಹಾಗೆ ಎದುರಿಗೆ ಬೆಟ್ಟ ಕಾಣಿಸಿತು. ವ್ಯಾನು ಆ ಬೆಟ್ಟವನ್ನೇ ಹತ್ತತೊಡಗಿತು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ನೋಡಿದರೆ ಎದೆ ಝಲ್ಲೆನ್ನುವ ಆಳ. ಸುತ್ತಿಸಿ ಸುತ್ತಿಸಿ ಹತ್ತುವಾಗ ಪಾತ್ರೆಗಳು ಒಂದಕ್ಕೊಂದು ಬಡಿದುಕೊಂಡವು. ರಂಗ ರಾಗಿ ಹಿಟ್ಟಿನ ಮೂಟೆಯನ್ನು ಕೂಸಿನ ಹಾಗೆ ತಬ್ಬಿಕೊಂಡು ಕೂತಿದ್ದ.

"ಬಯಲು ದಾರಿ ಅಂದಿದ್ರಲ್ಲ ಸುನಂದ?" ಎಂದೆ.

"ಅಡ್ಡದಾರಿ ಇರ್ಬೋದು ಕಣಕ್ಕ. ಅವ್ನ ದೇಸ ಅವ್ನಿಗೆ ಗೊತ್ತಿಲ್ವಾ?"

ಇಳಿದದ್ದು ಒಂದು ಚೆಂದದ ಕಣಿವೆಗೆ. ನಡುವೆ ನದಿ, ಎರಡು ಕಡೆ ಗದ್ದೆ, ನಮ್ಮ ಕಾವೇರಿ ಬಯಲನ್ನೇ ತಂದು ಬೆಟ್ಟಗಳ ಮಧ್ಯೆ ಇಟ್ಟ ಹಾಗೆ. ಲೋಕಬಹದ್ದೂರ ಬೋರ್ಡು ತೋರಿಸಿ "ರಾಮಪುರ" ಎಂದ. ದೇವಸ್ಥಾನವೂ ಇತ್ತು, ಅಂಗಳವೂ ಇತ್ತು. ಪಕ್ಕದ ಮನೆಯ ಹೆಂಗಸೊಬ್ಬಳು ನಮ್ಮ ಹಂಡೆಗಳನ್ನು ಕಂಡು ಹೊರಗೆ ಬಂದಳು. ಅಲ್ಲಿಯವರು ಹೆಂಗಸರನ್ನು ದೀದಿ ಎನ್ನುತ್ತಾರೆ, ನಾವೂ ಅವಳನ್ನು ಹಾಗೆಯೇ ಕರೆದೆವು. ಅವಳ ಮಾತು ನಮಗೆ ತಿಳಿಯದು, ನಮ್ಮದು ಅವಳಿಗೆ ತಿಳಿಯದು. ಸುನಂದ ಖಾಲಿ ಕೊಡ ಎತ್ತಿ ತೋರಿಸಿದಳು, ದೀದಿ ನಲ್ಲಿ ತೋರಿಸಿದಳು. ಸುನಂದ ಗಾಳಿಗೆ ಕೈ ಅಡ್ಡ ಹಿಡಿದು ತೋರಿಸಿದಳು, ದೀದಿ ಎರಡು ತಗಡು ತಂದು ಒಲೆಗೆ ಮರೆ ಕಟ್ಟಿದಳು. ನಾನು ಹುರುಳಿಕಾಯಿ ಹೆಚ್ಚಲು ಕೂತರೆ ಅವಳೂ ಚಾಕು ತಂದು ಪಕ್ಕದಲ್ಲಿ ಕೂತಳು. ನನಗಿಂತ ಸಣ್ಣಗೆ ಹೆಚ್ಚಿದಳು, ಅದನ್ನು ನಾನು ಸುನಂದಳಿಗೆ ಹೇಳಲಿಲ್ಲ.

ಹೊತ್ತು ನೆತ್ತಿಗೆ ಬರುವ ಮುಂಚೆ ಅನ್ನ, ಹುಳಿ, ಪಲ್ಯ, ಶಾವಿಗೆ ಪಾಯಸ ಎಲ್ಲ ಆಗಿ ಮುಚ್ಚಳ ಬಿದ್ದಿತ್ತು. ಸುನಂದ ಮುಖ ತೊಳೆದು, ಸೀರೆ ಕೊಡವಿ, ದಾರಿ ನೋಡುತ್ತ ನಿಂತಳು. ಬಸ್ಸು ಬರಲಿಲ್ಲ. ಅನ್ನದ ಮೇಲಿನ ಹಬೆ ಕಡಿಮೆಯಾಯಿತು. ನಮ್ಮ ಫೋನುಗಳು ಗಡಿಯಲ್ಲೇ ಸತ್ತಿದ್ದವು. ಊಟದ ಹೊತ್ತು ಮೀರಿದ ಮೇಲೆ ಲೋಕಬಹದ್ದೂರನ ಫೋನು ಬಡಿದುಕೊಂಡಿತು. ಅವನು ಮಾತಾಡಿ ಸುನಂದಳ ಕೈಗೆ ಕೊಟ್ಟ. ಪ್ರಸಾದರ ದನಿ ಆಚೆ ನಿಂತಿದ್ದ ನನಗೂ ಕೇಳುತ್ತಿತ್ತು.

"ಎಲ್ಲಿದೀರಮ್ಮಾ ನೀವು?"

"ರಾಮಪುರದಲ್ಲೇ ಇದೀವಿ ಸ್ವಾಮಿ. ಅಡುಗೆ ಆಗೈತೆ. ನೀವೆಲ್ಲಿದೀರಿ?"

"ನಾವೂ ರಾಮಪುರದಲ್ಲೇ ಇದೀವಿ ಕಣ್ರೀ!"

"ಅಂಗಾದ್ರೆ ದೇವಸ್ಥಾನದ ತಾವ ಬನ್ನಿ."

"ದೇವಸ್ಥಾನದ ತಾವೇ ನಿಂತಿದೀನಿ! ಹೊಟ್ಟೆಗಿಲ್ದೆ ಜನ ನನ್ನ ಸುತ್ತ ನಿಂತವ್ರೆ!"

ಸುನಂದ ಫೋನಿಗೆ ಕೈ ಮುಚ್ಚಿ, "ರಂಗ, ಗುಡಿ ಹಿಂದ್ಗಡೆ ಒಂಚೂರು ನೋಡ್ಲಾ, ಅಲ್ಲವ್ರಂತೆ" ಎಂದಳು. ರಂಗ ಓಡಿಹೋಗಿ ಒಂದು ಸುತ್ತು ಹಾಕಿ ಬಂದ. "ಒಂದು ಎಮ್ಮೆ ಕಟ್ಟವ್ರೆ ಕಣಕ್ಕೋ. ಪ್ರಸಾದಣ್ಣ ಇಲ್ಲ."

ಆಮೇಲೆ ಲೋಕಬಹದ್ದೂರ ಫೋನು ತೆಗೆದುಕೊಂಡು ಮಾತಾಡಿದ. ಮಾತಾಡುತ್ತಾ ಮಾತಾಡುತ್ತಾ ಅವನ ಮುಖ ಬಾಡಿತು. ರಂಗನಿಗೆ ಹಿಂದಿಯಲ್ಲಿ ಹೇಳುತ್ತಾ, ನೆಲದ ಮೇಲೆ ಕಡ್ಡಿಯಿಂದ ಗೀರಿ ನಮಗೆ ತೋರಿಸಿದ. ಇಲ್ಲಿ ಬುಟ್ವಲ್. ಬೆಟ್ಟ ಹತ್ತಿದರೆ ಒಂದು ರಾಮಪುರ, ಅದು ಪಾಲ್ಪಾ ಜಿಲ್ಲೆಯದು, ನಾವಿರುವುದು. ಬಯಲಲ್ಲಿ ಹೋದರೆ ಚಿತ್ವನ ಜಿಲ್ಲೆಯಲ್ಲಿ ಇನ್ನೊಂದು ರಾಮಪುರ, ಅವರಿರುವುದು. ಅವನ ಹೆಂಡತಿಯ ತವರು ಈ ಕಡೆ. ರಾಮಪುರ ಎಂದರೆ ಅವನಿಗೆ ಇದೇ. ಎರಡರ ನಡುವೆ ಒಂದು ಹೊತ್ತಿನ ದಾರಿ.

ಸುನಂದ ಆ ಗೀರುಗಳನ್ನು ನೋಡುತ್ತಾ ನಿಂತಳು. "ಅಕ್ಕ, ನಾನು ಉಟ್ಟಿದ್ದೂ ಅಂಪಾಪುರ, ಸೇರಿದ್ದೂ ಅಂಪಾಪುರ. ನನ್ಗೇ ಇಂಗಾಗ್ಬೇಕಾ?" ಎಂದಳು. ನಗಬೇಕೋ ಅಳಬೇಕೋ ಅವಳಿಗೇ ತಿಳಿಯಲಿಲ್ಲ.

ಫೋನಿನಲ್ಲಿ ಪ್ರಸಾದರು ಕೊನೆಗೆ ಹೇಳಿದ್ದು ಇಷ್ಟು: "ಅಲ್ಲಿ ಮಾಡಿದ್ದನ್ನೆಲ್ಲ ಚೆಲ್ಲಿ. ಸೀದಾ ರಾತ್ರಿ ತಂಗೋ ಪೋಖರಾಕ್ಕೆ ಬನ್ನಿ, ನಾವೂ ಅಲ್ಲಿಗೇ ಬರ್ತೀವಿ. ಮಿಕ್ಕಿದ್ದು ಅಲ್ಲೇ ಮಾತಾಡಣ."

ಆ ಮಿಕ್ಕಿದ್ದು ಏನೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಸುನಂದ ಹುಳಿಯ ಹಂಡೆಯ ಪಕ್ಕ ಕಲ್ಲಿನ ಮೇಲೆ ಕೂತಳು. "ಒಂದೊತ್ತು ತಪ್ಪೋಯ್ತಕ್ಕ" ಎಂದಳು. "ಇನ್ನು ಮನೇಲಿ ಕೂತು ನಮ್ಮನೆಯವ್ರಿಗೊಂದು ಲೋಟ ಸಾರು ಕಾಯಿಸ್ಬೇಕು."

ನಾನು ಅವಳ ಬೆನ್ನು ಸವರಿದೆ. ದೀದಿ ನಮ್ಮ ಮುಖಗಳನ್ನು ನೋಡಿ ಲೋಕಬಹದ್ದೂರನನ್ನು ಕೇಳಿದಳು. ಅವನು ಹೇಳಿದ. ಅವಳು ಬಾಯಿಗೆ ಸೆರಗಿಟ್ಟು ನಗತೊಡಗಿದಳು. ನಗುವುದನ್ನು ನಿಲ್ಲಿಸಲು ಅವಳಿಗೆ ಆಗಲೇ ಇಲ್ಲ. ನೋಡುತ್ತಾ ನೋಡುತ್ತಾ ನನಗೂ ಬಂತು, ರಂಗನಿಗೂ ಬಂತು. ಕೊನೆಗೆ ಸುನಂದಳಿಗೂ.

ಕಣ್ಣೊರೆಸಿಕೊಂಡು ಅವಳು ಎದ್ದಳು. "ಚೆಲ್ಲು ಅಂದ್ರೆ ಚೆಲ್ಲಕಾಯ್ತದಾ? ಈ ರಾಮಪುರದೋರೂ ರಾಮಪುರದೋರೇ ಅಲ್ವಾ. ದೀದಿ, ಜನ ಕರಿ!" ಕೈಯಲ್ಲಿ ಉಣ್ಣುವ ಹಾಗೆ ತೋರಿಸಿದಳು.

ದೀದಿ ಬೀದಿಗೆ ನಿಂತು ಕೂಗಿದ್ದೇ ಸಾಕು. ಗದ್ದೆಯಿಂದ ಬಂದವರು, ಅಂಗಡಿಯವರು, ಮುದುಕರು, ಶಾಲೆ ಬಿಟ್ಟು ಬರುತ್ತಿದ್ದ ಮಕ್ಕಳು. ಎಲೆಗಳನ್ನು ಕಡ್ಡಿಯಲ್ಲಿ ಚುಚ್ಚಿ ಮಾಡಿದ ತಟ್ಟೆಗಳನ್ನು ಅವರೇ ತಂದರು, ನಮ್ಮ ಮುತ್ತುಗದೆಲೆಯ ಹಾಗೆಯೇ. ಮಕ್ಕಳು ಸಾಲಾಗಿ ಕೂತದ್ದು ಕಂಡದ್ದೇ ಸುನಂದಳ ನಡೆಯೇ ಬದಲಾಯಿತು. ಸೆರಗು ಸಿಕ್ಕಿಸಿ, ಬಕೆಟ್ಟು ಹಿಡಿದು, ಬಿಸಿಯೂಟದ ದಿನಗಳ ಹಾಗೆ ಸಾಲಿನ ಉದ್ದಕ್ಕೂ ಓಡಾಡಿದಳು. "ಸೋರೋ ಹಂಗೆ ಹಾಕಿಸ್ಕಬೇಡ್ವೋ, ಗುಂಡಿ ಮಾಡ್ಕೊ ಅನ್ನದಲ್ಲಿ! ಏ ಕೂಸೆ, ಪಲ್ಯ ಬುಡ್ಬೇಡ!" ಎಂದು ಕನ್ನಡದಲ್ಲೇ ಗದರಿದಳು. ಅವು ಗುಂಡಿ ಮಾಡಿಕೊಂಡವು, ಪಲ್ಯವನ್ನೂ ತಿಂದವು. ಒಬ್ಬ ಮುದುಕ ಹುಳಿ ಖಾರವೆಂದು ಕಣ್ಣಲ್ಲಿ ನೀರು ಸುರಿಸುತ್ತಾ ಮತ್ತೆ ಮತ್ತೆ ಹಾಕಿಸಿಕೊಂಡ. ಹಂಡೆಯ ತಳ ಕಂಡಿತು.

ಉಂಡವರು ಬರಿಗೈಯಲ್ಲಿ ಎದ್ದು ಹೋಗಲಿಲ್ಲ. ಒಬ್ಬಳು ಸೊಪ್ಪಿನ ಕಂತೆ ತಂದಳು, ಇನ್ನೊಬ್ಬಳು ಮೂಲಂಗಿ, ದೀದಿ ಒಂದು ಡಬ್ಬಿ ತುಪ್ಪ. ನಾವು ಬೇಡವೆಂದರೂ ವ್ಯಾನಿಗೆ ತುರುಕಿದರು. ಸೊಪ್ಪಿನ ಎಲೆ ಅಗಲ, ಸಾಸಿವೆ ಜಾತಿಯದು, ನಮ್ಮ ಕಡೆ ಕಂಡದ್ದಲ್ಲ. ರಂಗ ಒಂದು ಎಲೆ ಹರಿದು ಜಗಿದು, "ಚೆಂದಾಗದೆ ಕಣಕ್ಕೋ" ಎಂದ. ಸುನಂದ ಆ ಕಂತೆಯನ್ನೇ ನೋಡುತ್ತಿದ್ದಳು.

"ಲೋಕಣ್ಣ, ಇಲ್ಲಿಂದ ಪೋಖರಾ ಎಷ್ಟು ದೂರ?" ಎಂದು ಕೈ ಬೀಸಿ ಕೇಳಿದಳು. ಅವನು ನೆಲದ ಗೀರುಗಳ ಮೇಲೆ ಇನ್ನೊಂದು ಗೀರು ಹಾಕಿದ. ಆ ರಾಮಪುರದಿಂದ ಹೋಗುವುದಕ್ಕಿಂತ ಈ ರಾಮಪುರದಿಂದ ಹೋಗುವುದು ಹತ್ತಿರ. ಬಸ್ಸಿಗಿಂತ ಮುಂಚೆ ಹೋಗಬಹುದು.

"ಏಳಕ್ಕ! ರಂಗ, ಆ ಪಾತ್ರೆ ಆಮೇಲೆ ಉಜ್ಜೀಯಂತೆ, ಅಂಗೇ ಎತ್ತಾಕು!"

ಪೋಖರಾದಲ್ಲಿ ನಮಗೆ ಕೊಟ್ಟಿದ್ದು ವಸತಿಗೃಹದ ಹಿಂದಿನ ಅಂಗಳ. ಅಕ್ಕಿ ಬೇಳೆಯಲ್ಲಿ ಆ ದಿನದ್ದು ಮುಗಿದಿತ್ತು. ರಾಗಿ ಹಿಟ್ಟಿನ ಮೂಟೆ ಹಾಗೆಯೇ ಇತ್ತು. ಸುನಂದ ಆ ಸೊಪ್ಪು ಬೇಯಿಸಿ ಬಸಿದು, ಬಸಿದ ನೀರಿಗೆ ಖಾರ ಅರೆದು ಹಾಕಿ ಬಸ್ಸಾರು ಮಾಡಿದಳು, ಬೆಂದ ಸೊಪ್ಪಿಗೆ ಒಗ್ಗರಣೆ ಕೊಟ್ಟಳು. ರಂಗ ಹಂಡೆ ಹಿಡಿದುಕೊಂಡ, ಅವಳು ಎರಡು ಕೈಯಲ್ಲಿ ಕೋಲು ಹಿಡಿದು ಹಿಟ್ಟು ತೊಳಸಿದಳು, ನಾನು ಕೈಗೆ ನೀರು ಮುಟ್ಟಿಸಿಕೊಂಡು ಮುದ್ದೆ ಕಟ್ಟಿದೆ. ರಾತ್ರಿ ಊಟದ ಹೊತ್ತಿಗೆ ಬಸ್ಸು ಬಂದು ನಿಂತಿತು.

ಇಳಿದವರ ಮುಖದಲ್ಲಿ ಕಳೆಯಿಲ್ಲ. ಬಾಳೆಹಣ್ಣು, ಅವಲಕ್ಕಿ ತಿಂದು ದಿನ ನೂಕಿದ್ದರು. ಗುರುಮಲ್ಲಪ್ಪನವರು ಬರೀ ಬಾಳೆಹಣ್ಣು. ಪ್ರಸಾದರು ನಮ್ಮ ಕಡೆ ನೋಡದೆ ಸೀದಾ ಲೋಕಬಹದ್ದೂರನ ಹತ್ತಿರ ಹೋದರು. ಎಲ್ಲರ ಎದುರಿಗೇ ಕೂಗಾಡಿದರು. ಮಾಲೀಕನಿಗೆ ಹೇಳಿ ಕೆಲಸದಿಂದ ತೆಗೆಸುತ್ತೇನೆ ಎಂದರು. ಅವನು ತಲೆ ತಗ್ಗಿಸಿ ನಿಂತಿದ್ದ.

ಸುನಂದ ಸೌಟು ಕೆಳಗಿಟ್ಟಳು. ಅವಳು ಏನು ಮಾಡುತ್ತಾಳೆಂದು ನನಗೆ ಗೊತ್ತಾಯಿತು. ಸೆರಗು ಹಿಡಿದು ಎಳೆದೆ. "ಸುಮ್ಕಿರು. ಎಲ್ಲಾ ಅವ್ನ ಮೇಲೆ ಓಯ್ತದೆ, ನಿನ್ನ ಕೆಲ್ಸ ಉಳೀತದೆ" ಎಂದು ಪಿಸುಗುಟ್ಟಿದೆ.

"ಬುಡಕ್ಕ" ಎಂದು ಸೆರಗು ಬಿಡಿಸಿಕೊಂಡು ಹೋದಳು.

"ಸ್ವಾಮಿ, ಅವನ್ನ ಬುಡಿ. ಬೆಳಿಗ್ಗೆ ಒಂಡುವಾಗ ನಮ್ ರಂಗ ಕೇಳಕ್ಕೋದ. ಕೇಳಿದ್ರೆ ಅಲ್ಲೇ ತಿಳೀತಿತ್ತು. ನಾನೇ ಅವ್ನ ಬಾಯಿ ಮುಚ್ಚಿಸ್ದೆ. ಒಂಟಿರೋ ಗಾಡಿನ ಎಲ್ಲಿಗೆ ಅಂತ ಕೇಳ್ಬಾರ್ದು ಅಂದೆ. ತಪ್ಪು ನಂದು. ನೀವು ಆಡಿದ ಮಾತು ಗ್ಯಾಪಕ ಐತೆ, ಮುಂದ್ಲ ಸಲ ಬೇರೇರನ್ನ ಕರ್ಕೊಳ್ಳಿ."

ಪ್ರಸಾದರು ಅವಳ ಕಡೆ ತಿರುಗಿದರು. "ಅಲ್ಲಮ್ಮಾ, ಒಂದು ಮಾತು ಕೇಳಿದ್ರೆ ಏನಾಗ್ತಿತ್ತು? 'ಎಲ್ಲಿಗಪ್ಪಾ ಹೋಗ್ತಿದೀಯ' ಅಂತ ಒಂದು ಮಾತು!"

 ಗುರುಮಲ್ಲಪ್ಪನವರು ಕೋಲೂರಿಕೊಂಡು ಮುಂದೆ ಬಂದರು.

"ಏನಂದ್ರಿ ಪ್ರಸಾದ್? ಹೊರಟು ನಿಂತೋರನ್ನ ಎಲ್ಲಿಗೆ ಅಂತ ಕೇಳ್ಬೇಕಿತ್ತಾ?"

"ಅಲ್ಲ ಯಜಮಾನ್ರೇ, ಊಟ ತಪ್ತಲ್ಲ..."

"ಊಟ ಒಂದೊತ್ತು ತಪ್ತು. ಆ ದಾರೀಲಿ, ಆ ಬೆಟ್ಟದಲ್ಲಿ, ಶಕುನ ಕೆಡಿಸ್ಕೊಂಡು ಹೋಗಿ ಹೆಚ್ಚುಕಮ್ಮಿ ಆಗಿದ್ರೆ? ಆಯಮ್ಮ ಸರಿಯಾಗೇ ಮಾಡವ್ರೆ."

ಅಷ್ಟು ಹೇಳಿದ್ದೇ ತಡ, ಇಡೀ ಬಸ್ಸೇ ಮಾತಾಡತೊಡಗಿತು. ಒಬ್ಬರು ತಮ್ಮ ಮಾವ ಎಲ್ಲಿಗೆ ಎಂದು ಕೇಳಿಸಿಕೊಂಡು ಹೋಗಿ ಎತ್ತಿನ ಗಾಡಿ ಮಗುಚಿದ್ದು ಹೇಳಿದರು. ಇನ್ನೊಬ್ಬರು ತಮ್ಮ ಮಗಳ ಪರೀಕ್ಷೆಯ ದಿನದ್ದು. ಪಿರಿಯಾಪಟ್ಟಣದ ಅಜ್ಜಿಯೊಬ್ಬರು ಪ್ರಸಾದರ ಮುಂದೆ ಬೆರಳಾಡಿಸಿದರು. "ನೀನೇನಪ್ಪಾ ಏಳಿ ಕಳ್ಸಿದ್ದು? ರಾಮಪುರಕ್ಕೋಗು ಅಂತ. ಅವ್ರು ರಾಮಪುರಕ್ಕೇ ಓಗವ್ರೆ. ನಾವು ಯಾವ್ ರಾಮಪುರಕ್ಕೋದ್ವೋ ಅದ್ನ ನೀನು ಏಳು!"

ಬಸ್ಸಿನವರೆಲ್ಲ ನಕ್ಕರು. ಪ್ರಸಾದರು ಸುತ್ತ ನೋಡಿದರು. ತಮ್ಮ ಕಡೆಗೆ ಒಬ್ಬರೂ ಇರಲಿಲ್ಲ. ಲೋಕಬಹದ್ದೂರನಿಗೆ ಒಂದು ಅಕ್ಷರ ತಿಳಿಯದಿದ್ದರೂ ಗಾಳಿ ತಿರುಗಿದ್ದು ತಿಳಿಯಿತು, ಮೆಲ್ಲಗೆ ತಲೆ ಎತ್ತಿದ.

"ಮಾತಾಯ್ತಲ್ಲ, ಹೊಟ್ಟೆ ಕೇಳ್ರಪ್ಪ ಈಗ" ಎಂದು ಗುರುಮಲ್ಲಪ್ಪನವರು ಲಿಂಗಪೂಜೆಗೆ ಒಳಗೆ ಹೋದರು. ಅವರು ಹೊರಗೆ ಬರುವವರೆಗೆ ಯಾರೂ ಕೂರಲಿಲ್ಲ. ಬಂದರು, ಕೂತರು. ಸುನಂದ ಮುದ್ದೆ ಇಟ್ಟು, ಬಸ್ಸಾರು ಬಿಟ್ಟು, ದೀದಿ ಕೊಟ್ಟ ತುಪ್ಪ ಹಾಕಿದಳು. ಅವರು ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗಿದರು. ಇನ್ನೊಂದು ತುತ್ತು.

"ಯಾವ ಸೊಪ್ಪಮ್ಮ ಇದು?"

"ಗೊತ್ತಿಲ್ಲ ಸ್ವಾಮಿ. ನಮ್ಮ ರಾಮಪುರದೋರು ಕೊಟ್ರು."

"ಆ ರಾಮಪುರಾನೇ ವಾಸಿ" ಎಂದು ಅವರು ತಟ್ಟೆ ಮುಂದೆ ಮಾಡಿದರು. ಸುನಂದ ಇನ್ನೊಂದು ಮುದ್ದೆ ಇಟ್ಟಳು.

ಲೋಕಬಹದ್ದೂರನಿಗೂ ತಟ್ಟೆ ಹಾಕಿದೆವು. ಅವನು ಮುದ್ದೆಯನ್ನು ಅಗಿಯಲು ಹೋದ, ಅದು ಹಲ್ಲಿಗೆ ಮೆತ್ತಿಕೊಂಡಿತು. ರಂಗ ಪಕ್ಕದಲ್ಲಿ ಕೂತು, "ಅಗೀಬಾರ್ದು ಕಣಣ್ಣ, ನುಂಗು" ಎಂದು ತನ್ನ ಗಂಟಲು ತೋರಿಸಿ ಕಲಿಸಿದ. ಪ್ರಸಾದರು ಎಲ್ಲರೂ ಎದ್ದ ಮೇಲೆ ಒಬ್ಬರೇ ಬಂದು ಕೂತರು. ಸುನಂದ ಬಡಿಸಿದಳು. ಅವರು ಉಂಡರು. ಕೈ ತೊಳೆದು, ಒರೆಸಿಕೊಂಡು, ಬಾಗಿಲ ತನಕ ಹೋಗಿ ತಿರುಗಿ ನಿಂತರು.

"ಸುನಂದಮ್ಮಾರೇ, ಬರೋ ತಿಂಗಳು ಶ್ರೀಶೈಲಕ್ಕೆ ಎಷ್ಟು ರಾಗಿ ಹಿಟ್ಟು ಬೇಕಾಗ್ತದೆ?"

 ಸುನಂದ ಅಡುಗೆಯವರು ಕೇಳುವ ಪ್ರಶ್ನೆಯನ್ನೇ ಕೇಳಿದಳು.

"ಎಷ್ಟು ಜನ ಬತ್ತಾರೆ ಸ್ವಾಮಿ?"